ಡಿಸ್‌ಪ್ಲೇ ಉರಿಯುತ್ತೆ, ಎಫ್‌ಎಂ ಹಿಡಿಯುತ್ತೆ, ನಾಲ್ಕೂ ಸ್ಪೀಕರ್ ಮೂಕ. ಐಸಿ ಹೋಗಿದೆಯಾ?

ಶರಾವತಿ ಕಡೆಯವ · ಭಾನುವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನನ್ನದು 2010ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮೂರು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಸ್ಟೀರಿಯೋ ಕಾರಿನ ಜೊತೆ ಬಂದದ್ದಲ್ಲ, ಹಿಂದಿನ ಮಾಲೀಕರು ಹೊರಗಡೆ ಹಾಕಿಸಿದ್ದ ಸಿಂಗಲ್ ಡಿನ್ (ಡ್ಯಾಶ್‌ಬೋರ್ಡಲ್ಲಿ ಕೂರುವ ಕಡಿಮೆ ಎತ್ತರದ ಅಳತೆಯ) ಸೆಟ್. ಕಳೆದ ವಾರ ಸಾಗರದಿಂದ ಶಿವಮೊಗ್ಗಕ್ಕೆ ಹೋಗುವಾಗ ಆನಂದಪುರ ದಾಟಿ ಒಂದು ಹಂಪ್ ಹಾರಿದ್ದೇ ತಡ, "ಟಪ್" ಅಂತ ಒಂದು ಸದ್ದು. ಅಷ್ಟೇ, ಆಮೇಲೆ ಪೂರ್ತಿ ನಿಶ್ಶಬ್ದ.

ಡಿಸ್‌ಪ್ಲೇ ಸರಿ ಇದೆ. ವಾಲ್ಯೂಮ್ ತಿರುಗಿಸಿದರೆ ಅಂಕಿ ಏರುತ್ತೆ. ಬ್ಲೂಟೂತ್ ಸೇರಿಕೊಳ್ಳುತ್ತೆ, ಮೊಬೈಲಲ್ಲಿ ಹಾಡು ಓಡ್ತಾ ಇರುತ್ತೆ. ಎಫ್‌ಎಂ ಸೀಕ್ ಒತ್ತಿದರೆ ಸ್ಟೇಷನ್ ಸಿಕ್ಕ ಕಡೆ ನಿಲ್ಲುತ್ತೆ. ಧ್ವನಿ ಮಾತ್ರ ಇಲ್ಲ, ನಾಲ್ಕೂ ಬಾಗಿಲಲ್ಲಿ ಒಂದರಲ್ಲೂ ಇಲ್ಲ.

ಪೇಟೆಯಲ್ಲಿ ತೋರಿಸಿದೆ. ಅವರು ಸೆಟ್ ಕಳಚಲೂ ಇಲ್ಲ, "ಬೋರ್ಡ್ ಹೋಗಿದೆ ಸಾರ್, ಹೊಸದು ಹಾಕ್ಸಿ, 6,500 ಆಗುತ್ತೆ" ಅಂದರು. ನಾನು ಮಾಡಿದ್ದು ಇಷ್ಟು: ಸೆಟ್ಟಿನ ಹಿಂದಿನ 10 ಆಂಪಿಯರ್ ಫ್ಯೂಸ್ ತೆಗೆದು ಹೊಸದು ಹಾಕಿದೆ. ಹಳೆಯದೂ ಸರಿಯಾಗೇ ಇತ್ತು. ಇನ್ವರ್ಟರ್ ಬ್ಯಾಟರಿ ನೋಡೋಕೆ ತಗೊಂಡ 350 ರೂಪಾಯಿ ಮಲ್ಟಿಮೀಟರ್ ಇದೆ, 25 ವ್ಯಾಟ್ ಸೋಲ್ಡರಿಂಗ್ ಐರನ್ ಇದೆ. ನಾನೇ ನೋಡಬಹುದಾ, ಅಥವಾ 6,500 ಕೊಟ್ಟು ಕೈ ತೊಳ್ಕೊಳ್ಳಲಾ?

ಸೀಸದ ಹೊಗೆ · ಭಾನುವಾರ, ರಾತ್ರಿ 9:48

ದುಡ್ಡು ಜೇಬಲ್ಲೇ ಇರಲಿ, ಈಗಲೇ ತೆಗೀಬೇಡಿ.

ನೀವು ಬರೆದದ್ದರಲ್ಲೇ ಅರ್ಧ ಉತ್ತರ ಇದೆ. ಡಿಸ್‌ಪ್ಲೇ ಉರಿಯುತ್ತೆ ಅಂದರೆ ಹಳದಿ ವೈರಿನ ಖಾಯಂ 12 ವೋಲ್ಟ್, ಕೆಂಪು ವೈರಿನ ಕೀಲಿ 12 ವೋಲ್ಟ್, ಕಪ್ಪು ಅರ್ಥ್ ಮೂರೂ ಬರ್ತಾ ಇವೆ. ಸೀಕ್ ನಿಲ್ಲುತ್ತೆ ಅಂದರೆ ಟ್ಯೂನರ್ ಬದುಕಿದೆ. ಬ್ಲೂಟೂತೂ ಮೂಕ, ಎಫ್‌ಎಮ್ಮೂ ಮೂಕ ಅಂದಮೇಲೆ ತಪ್ಪು ಒಂದು ಮೂಲದ್ದಲ್ಲ, ಎಲ್ಲಾ ಮೂಲಗಳೂ ಸೇರುವ ಜಾಗದಿಂದ ಮುಂದಕ್ಕೆ. ಇನ್ನು ನಾಲ್ಕು ಸ್ಪೀಕರ್ ಒಂದೇ ಕ್ಷಣಕ್ಕೆ ಸುಟ್ಟುಹೋಗೋದು ನಾನಂತೂ ನೋಡಿಲ್ಲ. ಆದ್ದರಿಂದ ಉಳಿಯೋದು ಎರಡೇ. ಒಂದೋ ಆಂಪ್ಲಿಫೈಯರ್ ಐಸಿ (ಸ್ಪೀಕರ್ ಓಡಿಸೋಷ್ಟು ಸಿಗ್ನಲ್ ಜೋರು ಮಾಡುವ ಚಿಪ್ಪು), ಅದನ್ನ ಎಬ್ಬಿಸುವ ಸ್ಟ್ಯಾಂಡ್‌ಬೈ, ಬಾಯಿ ಮುಚ್ಚಿಸುವ ಮ್ಯೂಟ್ ಈ ಕಡೆ ಏನೋ ಆಗಿದೆ. ಇಲ್ಲಾ ಯಾವುದೋ ಒಂದು ಸ್ಪೀಕರ್ ವೈರ್ ಎಲ್ಲೋ ತಗುಲಿ, ಸೆಟ್ಟು ತನ್ನನ್ನು ಉಳಿಸಿಕೊಳ್ಳೋಕೆ ನಾಲ್ಕನ್ನೂ ಮುಚ್ಚಿಕೊಂಡಿದೆ. ಕೆಲವು ಸೆಟ್ ಇಂಥ ಹೊತ್ತಲ್ಲಿ ಡಿಸ್‌ಪ್ಲೇ ಮೇಲೆ "ಪ್ರೊಟೆಕ್ಟ್" ಅಂತ ತೋರಿಸ್ತವೆ, ಕೆಲವು ಬಾಯಿ ಮುಚ್ಕೊಂಡು ಕೂರ್ತವೆ.

ಮೂರು ಪ್ರಶ್ನೆ. ಆನ್ ಮಾಡುವಾಗ ಮೊದಲು ಸಣ್ಣಗೆ "ದಬ್" ಅಂತಿತ್ತಾ, ಈಗ ಅನ್ನುತ್ತಾ? ಫೇಡರ್ (ಧ್ವನಿ ಹಿಂದೆ ಮುಂದೆ ಹಂಚೋದು), ಬ್ಯಾಲೆನ್ಸ್ (ಎಡ ಬಲ ಹಂಚೋದು) ನಡುವೆ ಇದೆಯಾ? ಈಚೆಗೆ ಬಾಗಿಲು, ಗಾಜು, ಸೀಟು, ಡ್ಯಾಶ್‌ಬೋರ್ಡ್ ಅಂತ ಏನಾದರೂ ಬಿಚ್ಚಿಸಿದ್ದು ಇದೆಯಾ? ಮೂರನೇದನ್ನ ಸ್ವಲ್ಪ ನೆನಪು ಮಾಡ್ಕೊಂಡು ಹೇಳಿ.

ಹುಬ್ಬಳ್ಳಿ ಡ್ರೈವರ್ · ಭಾನುವಾರ, ರಾತ್ರಿ 10:02

ಸರ, ಮೊದಲ ಮ್ಯೂಟ್ ಬಟನ್ ಒತ್ತಿ ನೋಡ್ರಿ. ನಗಬ್ಯಾಡ್ರಿ ಮತ್ತ. ನಾ ಒಮ್ಮೆ ಮಟಮಟ ಮಧ್ಯಾಹ್ನದಾಗ ಎರಡು ತಾಸು ಕುಂತು ಇಡೀ ಸೆಟ್ ಹೊರಗ ತಗದಿದ್ದೆ. ಆಮ್ಯಾಲ ಗೊತ್ತಾತು, ನನ್ನ ಮಗಳು ಫೇಡರ್ ಪೂರ್ತಿ ಹಿಂದ ಒಯ್ದು ಇಟ್ಟಿದ್ಲು. ನನ್ನ ಗಾಡಿಗೆ ಹಿಂದ ಸ್ಪೀಕರೇ ಇಲ್ಲ!

ಶರಾವತಿ ಕಡೆಯವ · ಸೋಮವಾರ, ಬೆಳಿಗ್ಗೆ 7:25

ಮ್ಯೂಟ್ ಅಲ್ಲ. ಫೇಡರ್ ನಡುವೆಯೇ ಇದೆ. ಸೆಟ್ಟನ್ನು ಫ್ಯಾಕ್ಟರಿ ರೀಸೆಟ್ ಕೂಡ ಮಾಡಿದೆ, ಗಡಿಯಾರ ಹೋಯಿತೇ ಹೊರತು ಧ್ವನಿ ಬರಲಿಲ್ಲ. ಮೊದಲು ಆನ್ ಮಾಡಿದಾಗ "ದಬ್" ಅಂತಿದ್ದದ್ದು ನಿಜ, ಈಗ ಅದೂ ಇಲ್ಲ.

ಬಿಚ್ಚಿಸಿದ್ದು ಅಂದರೆ, ಎರಡು ತಿಂಗಳ ಹಿಂದೆ ಎಡಗಡೆ ಹಿಂಬಾಗಿಲ ಗಾಜು ಮೇಲೇರ್ತಾ ಇರಲಿಲ್ಲ, ರೆಗ್ಯುಲೇಟರ್ ಹಾಕಿಸಿದ್ದೆ. ಆದರೆ ಆಮೇಲೂ ಎರಡು ತಿಂಗಳು ಹಾಡು ಚೆನ್ನಾಗೇ ಬಂದಿದೆ. ಅದಕ್ಕೂ ಇದಕ್ಕೂ ಸಂಬಂಧ ಇರಲಾರದು ಅನ್ಸುತ್ತೆ.

ಕ್ಯಾಸೆಟ್ ಕಾಲ · ಸೋಮವಾರ, ಬೆಳಿಗ್ಗೆ 8:40

ನಾನು ಕ್ಯಾಸೆಟ್ ಪ್ಲೇಯರ್ ಕಾಲದಿಂದ ಗಾಡಿಗಳಿಗೆ ಸೆಟ್ ಕೂರಿಸುತ್ತಾ ಬಂದವನು. ಸುಲಭದ ದಾರಿ ಹೇಳುತ್ತೇನೆ. ಇದು ಸ್ಪೀಕರ್ ಮೈನಸ್‌ಗೆ ಅರ್ಥ್ ಸಿಗದೆ ಆಗಿರುವುದು. ನಾಲ್ಕೂ ಸ್ಪೀಕರಿನ ಮೈನಸ್ ಒಟ್ಟಿಗೆ ತಿರುಚಿ, ಒಂದು ಸ್ಕ್ರೂ ಹಾಕಿ ಬಾಡಿಗೆ ಬಿಗಿಯಿರಿ. ಪ್ಲಸ್ ಮಾತ್ರ ಸೆಟ್ಟಿಂದ ಬರಲಿ. ನಾವು ಎಷ್ಟು ಲಾರಿ, ಎಷ್ಟು ಜೀಪಿಗೆ ಹೀಗೆಯೇ ಮಾಡಿದ್ದೇವೆ, ಒಂದೂ ತಿರುಗಿ ಬಂದಿಲ್ಲ.

ಸೀಸದ ಹೊಗೆ · ಸೋಮವಾರ, ಬೆಳಿಗ್ಗೆ 8:52

ಶರಾವತಿಯವರೇ, ದಯವಿಟ್ಟು ಹಾಗೆ ಮಾಡಬೇಡಿ! ಸೆಟ್ ಆಫ್ ಇದ್ದರೂ ಬೇಡ.

ಕ್ಯಾಸೆಟ್ ಕಾಲದ ಹಿರಿಯರೇ, ನೀವು ಹೇಳಿದ್ದು ಸುಳ್ಳಲ್ಲ. ಆದರೆ ಅದು ಆ ಸೆಟ್ಟುಗಳ ಸತ್ಯ. ಆಗಿನ ಆಂಪ್ಲಿಫೈಯರ್ ಒಂದು ಚಾನೆಲ್‌ಗೆ ಒಂದೇ ತುದಿಯಿಂದ ಸಿಗ್ನಲ್ ಕೊಡ್ತಿತ್ತು. ದಾರಿಯಲ್ಲಿ 1000 ಮೈಕ್ರೋಫ್ಯಾರಡ್‌ನಂಥ ಒಂದು ದಪ್ಪ ಕೆಪಾಸಿಟರ್ ಕೂತು ಡಿಸಿಯನ್ನು (ಏರಿಳಿಯದೆ ನಿಂತ ವೋಲ್ಟೇಜನ್ನು) ತಡೀತಿತ್ತು. ಸ್ಪೀಕರಿನ ಇನ್ನೊಂದು ತುದಿ ಬಾಡಿಗೆ ಹೋದರೂ ನಡೀತಿತ್ತು. ಈಗಿನವು ಬ್ರಿಡ್ಜ್. ಒಂದೊಂದು ಸ್ಪೀಕರಿಗೂ ಎರಡು ಆಂಪ್ಲಿಫೈಯರ್, ಪ್ಲಸ್ ಕಡೆ ಒಂದು, ಮೈನಸ್ ಕಡೆ ಒಂದು. ಒಂದು ತಳ್ಳಿದಾಗ ಇನ್ನೊಂದು ಎಳೆಯುತ್ತೆ. ಮೈನಸ್ ಅನ್ನೋದು ಇಲ್ಲಿ ಬರೀ ಹೆಸರಿಗೆ, ಅದೂ ಸೆಟ್ಟಿನ ಔಟ್‌ಪುಟ್ಟೇ.

ಯಾಕೆ ಹಾಗೆ ಮಾಡಿದರು ಅಂದರೆ ಪವರಿಗೋಸ್ಕರ. ಇಂಜಿನ್ ಓಡುವಾಗ ಸಿಗೋದು 14.4 ವೋಲ್ಟ್. 4 ಓಮ್ ಸ್ಪೀಕರಿಗೆ ಒಂದೇ ತುದಿಯಿಂದ ಕೊಟ್ಟರೆ ಲೆಕ್ಕದಲ್ಲೇ ಬರೋದು ಆರೂವರೆ ವ್ಯಾಟ್. ಬ್ರಿಡ್ಜ್ ಮಾಡಿದರೆ ಅದರ ನಾಲ್ಕರಷ್ಟು, ಅಂದರೆ 26ರ ಹತ್ತಿರ. (ಡಬ್ಬದ ಮೇಲೆ 50 ವ್ಯಾಟ್ ಇಂಟು 4 ಅಂತ ಬರೆದಿರ್ತಾರಲ್ಲ, ಅದು ಡಬ್ಬದ ವ್ಯಾಟ್.) ಹಾಡು ಇಲ್ಲದಾಗಲೂ ಎಂಟೂ ವೈರಿನಲ್ಲಿ ಬ್ಯಾಟರಿಯ ಅರ್ಧದಷ್ಟು, 6 ವೋಲ್ಟ್ ಹತ್ತಿರ, ನಿಂತೇ ಇರುತ್ತೆ. ಎರಡೂ ಕಡೆ ಸಮ ಇರೋದರಿಂದ ಸ್ಪೀಕರಿಗೆ ಅದು ಗೊತ್ತಾಗಲ್ಲ. ಆ ಮೈನಸ್ಸನ್ನ ಬಾಡಿಗೆ ಹಿಡಿದಿರಿ ಅಂದರೆ 6 ವೋಲ್ಟನ್ನ ನೇರ ಅರ್ಥ್ ಮಾಡಿದ ಹಾಗೆ. ಒಳ್ಳೆ ಐಸಿ ಆದರೆ ಪ್ರೊಟೆಕ್ಷನ್‌ಗೆ ಹೋಗುತ್ತೆ, ನಕಲಿ ಐಸಿ ಆದರೆ ಹೊಗೆ.

ಶರಾವತಿ ಕಡೆಯವ · ಸೋಮವಾರ, ಬೆಳಿಗ್ಗೆ 9:05

ಸದ್ಯ ಬದುಕಿದೆ. ಹಿರಿಯರ ಮಾತು ಓದಿ ನಾಲ್ಕೂ ವೈರಿನ ಸಿಪ್ಪೆ ಸುಲಿದು ಕೂತಿದ್ದೆ. ಟೇಪ್ ಸುತ್ತಿದೆ. ಮುಂದೇನು?

ಸೀಸದ ಹೊಗೆ · ಸೋಮವಾರ, ಬೆಳಿಗ್ಗೆ 9:30

ಸೆಟ್ಟನ್ನು ಡ್ಯಾಶಿನಿಂದ ಈಚೆ ಎಳೆದು, ವೈರ್ ಹಾಗೇ ಇರಲಿ, ತೊಡೆ ಮೇಲೆ ಒಂದು ಟವೆಲ್ ಹಾಸಿ ಅದರ ಮೇಲಿಡಿ. ಕೆಳಗೆಲ್ಲಾದರೂ ಹಳದಿ ಬಣ್ಣದ ದಪ್ಪ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು, ಅದರ ತಂಟೆಗೆ ಹೋಗಬೇಡಿ.

ಮೀಟರನ್ನ 20 ವೋಲ್ಟ್ ಡಿಸಿಗೆ ಇಡಿ. ಕಪ್ಪು ಪ್ರೋಬ್ ಬಾಡಿಯ ಬೋಳು ಲೋಹಕ್ಕೆ. ಕೆಂಪು ಪ್ರೋಬಿಗೆ ತುದಿಯಲ್ಲಿ 2 ಮಿಲಿಮೀಟರ್ ಬಿಟ್ಟು ಉಳಿದ ಲೋಹಕ್ಕೆಲ್ಲಾ ಟೇಪ್ ಸುತ್ತಿ, ಇಲ್ಲಾಂದ್ರೆ ಪಕ್ಕದ ಪಿನ್ನಿಗೆ ತಗುಲಿಸಿ ನೀವೇ ಶಾರ್ಟ್ ಮಾಡ್ತೀರಿ. ಸೆಟ್ ಆನ್ ಮಾಡಿ, ವಾಲ್ಯೂಮ್ ಸೊನ್ನೆ. ಈಗ ಸ್ಪೀಕರ್ ಪ್ಲಗ್ಗಿನ ಹಿಂಬದಿಯಿಂದ ಒಂದೊಂದೇ ವೈರ್ ಮುಟ್ಟಿ ನೋಡಿ. ಹೊರಗಿನ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಬಿಳಿ ಅಂದರೆ ಎಡ ಮುಂದೆ, ಬೂದು ಬಲ ಮುಂದೆ, ಹಸಿರು ಎಡ ಹಿಂದೆ, ನೇರಳೆ ಬಲ ಹಿಂದೆ. ಅದೇ ಬಣ್ಣದ ಮೇಲೆ ಕಪ್ಪು ಗೆರೆ ಇದ್ದದ್ದು ಆ ಸ್ಪೀಕರಿನ ಮೈನಸ್.

ಎಂಟರಲ್ಲೂ 6ರ ಹತ್ತಿರ ಬಂದರೆ ಆಂಪ್ಲಿಫೈಯರ್ ಎಚ್ಚರ ಇದೆ, ಅದಕ್ಕೆ ಸಿಗ್ನಲ್ ಬರ್ತಿಲ್ಲ ಅಥವಾ ಮ್ಯೂಟ್ ಆಗಿದೆ. ಎಂಟರಲ್ಲೂ ಸೊನ್ನೆ ಬಂದರೆ ಅದು ಮಲಗಿದೆ ಅಥವಾ ಸತ್ತಿದೆ. ಒಂದು ಜೋಡಿಯಲ್ಲಿ ಮಾತ್ರ ಒಂದು ಕಡೆ 6, ಇನ್ನೊಂದು ಕಡೆ 0 ಅಥವಾ 12 ಬಂದರೆ ತಕ್ಷಣ ಆಫ್ ಮಾಡಿ, ಆ ಸ್ಪೀಕರ್ ಕಳಚಿ. 4 ಓಮಿಗೆ 6 ವೋಲ್ಟ್ ಡಿಸಿ ಅಂದರೆ ಒಂದೂವರೆ ಆಂಪಿಯರ್, 9 ವ್ಯಾಟ್ ಬಿಸಿ. ಕೋನ್ ಅಲ್ಲಾಡದೆ ಕಾಯಿಲ್ ಮಾತ್ರ ಬೇಯುತ್ತೆ.

ಶರಾವತಿ ಕಡೆಯವ · ಸೋಮವಾರ, ರಾತ್ರಿ 8:35

ಮಳೆ ಬಿಡಲಿಲ್ಲ. ಕಾರು ಶೆಡ್ಡಿನಲ್ಲಿ, ಬಾಗಿಲೆಲ್ಲಾ ಹಾಕ್ಕೊಂಡು ಮೊಬೈಲ್ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ನೋಡಿದೆ. ಬ್ಯಾಟರಿ 12.4. ಎಂಟೂ ವೈರ್ ಸೊನ್ನೆ. 0.02, 0.01, ಹೀಗೆ. ಸತ್ತಿದೆ ಅಂತಲೇ ಅರ್ಥವಾ?

ಎಸ್‌ಪಿ ರೋಡ್ ಅಲೆಮಾರಿ · ಸೋಮವಾರ, ರಾತ್ರಿ 8:50

ಐಸಿ ಹೋಗಿದೆ, ಬೇರೆ ಮಾತೇ ಇಲ್ಲ. ಮೇಲಿನ ಮುಚ್ಚಳ ಬಿಚ್ಚಿ, ಹಿಂದಿನ ಹೀಟ್‌ಸಿಂಕಿಗೆ (ಬಿಸಿ ಹೀರುವ ಲೋಹದ ತುಂಡಿಗೆ) ಅಂಟಿಕೊಂಡು 25 ಕಾಲಿನ ಒಂದು ಐಸಿ ನಿಂತಿರುತ್ತೆ. ಟಿಡಿಎ7388 ಅಥವಾ ಅದರ ಅಣ್ಣತಮ್ಮಂದಿರು. ನಂಬರ್ ಓದಿ ಹೇಳಿ, ನಾಳೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಿಗೆ ಹೋಗೋನಿದ್ದೀನಿ, ತಂದು ಕೊರಿಯರ್ ಮಾಡ್ತೀನಿ.

ಸೀಸದ ಹೊಗೆ · ಸೋಮವಾರ, ರಾತ್ರಿ 9:01

ಅಲೆಮಾರಿ, ನಿನಗೆ ಎಸ್‌ಪಿ ರೋಡಿಗೆ ಹೋಗೋಕೆ ಒಂದು ನೆಪ ಬೇಕು ಅಷ್ಟೇ. ಸ್ವಲ್ಪ ತಡಿ.

ಮಲಗಿದೆಯೋ ಸತ್ತಿದೆಯೋ ಇನ್ನೂ ಗೊತ್ತಾಗಿಲ್ಲ. ಶರಾವತಿಯವರೇ, ಸೆಟ್ ಆಫ್ ಮಾಡಿ, ಸ್ಪೀಕರಿಗೆ ಹೋಗುವ ಪ್ಲಗ್ ಮಾತ್ರ ಪೂರ್ತಿ ಕಳಚಿ. ಹೆಚ್ಚಾಗಿ ಅದು ಕಂದು ಬಣ್ಣದ್ದು, ಕರೆಂಟಿನದು ಕಪ್ಪು. ಕಪ್ಪು ಇರಲಿ. ಈಗ ಸೆಟ್ ಆನ್ ಮಾಡಿ, ಸೆಟ್ಟಿನ ಕಡೆಯ ಎಂಟೂ ಪಿನ್ ಮತ್ತೆ ನೋಡಿ.

ಶರಾವತಿ ಕಡೆಯವ · ಸೋಮವಾರ, ರಾತ್ರಿ 9:22

ಅಯ್ಯೋ! 6.1, 6.1, 6.0, 6.1... ಎಂಟರಲ್ಲೂ ಇದೆ!

ಆಫ್ ಮಾಡಿ ಪ್ಲಗ್ ಮತ್ತೆ ಹಾಕಿ ಆನ್ ಮಾಡಿದೆ. ಮತ್ತೆ ಸೊನ್ನೆ. ಕಳಚಿದೆ, 6.1. ಮೂರು ಸಲ ಮಾಡಿ ನೋಡಿದೆ. ಹೆಂಡತಿ ಊಟಕ್ಕೆ ಕರೆದು ಕರೆದು ಸುಸ್ತಾಗಿ ಈಗ ಶೆಡ್ಡಿನ ಲೈಟ್ ಆರಿಸಿದ್ದಾಳೆ.

ಸೀಸದ ಹೊಗೆ · ಸೋಮವಾರ, ರಾತ್ರಿ 9:30

ಊಟ ಮಾಡಿ ನೆಮ್ಮದಿಯಾಗಿ ಮಲಗಿ. ನಿಮ್ಮ ಬೋರ್ಡ್ ಹೋಗಿಲ್ಲ, ಐಸಿಯೂ ಹೋಗಿಲ್ಲ. ಕಾರಿನ ಒಳಗೆ ಯಾವುದೋ ಒಂದು ಸ್ಪೀಕರ್ ವೈರ್ ಬಾಡಿಗೆ ತಗುಲ್ತಾ ಇದೆ, ಅದಕ್ಕೆ ಸೆಟ್ಟು ಎದ್ದ ತಕ್ಷಣ ಮುಸುಕು ಹಾಕ್ಕೊಂಡು ಮಲಗ್ತಿದೆ.

ನಾಳೆ ಸೆಟ್ ಆಫ್ ಇದ್ದಾಗ, ಕಳಚಿದ ಪ್ಲಗ್ಗಿನ ಕಾರಿನ ಕಡೆಯಲ್ಲಿ ಓಮ್ ನೋಡಿ. ಮೊದಲು ಜೋಡಿ ಜೋಡಿಯಾಗಿ, 4 ಓಮ್ ಸ್ಪೀಕರ್ ಮೀಟರಿನಲ್ಲಿ ಮೂರೂವರೆ ಅಕ್ಕಪಕ್ಕ ತೋರಿಸುತ್ತೆ. ಎರಡು ಪ್ರೋಬನ್ನೂ ಒಂದಕ್ಕೊಂದು ಮುಟ್ಟಿಸಿ ಮೀಟರಿನ ಸ್ವಂತ ಓಮ್ ಎಷ್ಟು ಅಂತ ನೋಡಿ ಕಳೆಯಿರಿ, ಅಗ್ಗದ ಮೀಟರುಗಳಲ್ಲಿ ಅದೇ ಅರ್ಧ ಓಮ್ ಇರುತ್ತೆ. ಆಮೇಲೆ ಎಂಟೂ ವೈರನ್ನ ಬಾಡಿಗೆ ಹೋಲಿಸಿ. ಇದೇ ಮುಖ್ಯ. ಒಂದೂ ಬಾಡಿಗೆ ಸೇರಿರಬಾರದು.

ಶರಾವತಿ ಕಡೆಯವ · ಮಂಗಳವಾರ, ಬೆಳಿಗ್ಗೆ 10:15

ಇವತ್ತು ಬಿಸಿಲು ಬಂತು, ಕಾರು ಅಂಗಳಕ್ಕೆ ತಂದೆ. ಬಿಳಿ ಜೋಡಿ 3.8, ಬೂದು 3.6, ಹಸಿರು 3.6, ನೇರಳೆ 3.7. ಬಾಡಿಗೆ ಹೋಲಿಸಿದರೆ ಎಂಟೂ ಓಪನ್, ಅಂದರೆ ಸಂಪರ್ಕವೇ ಇಲ್ಲ. ಎಲ್ಲೂ ಶಾರ್ಟ್ ಇಲ್ಲ. ನಿಮ್ಮ ಲೆಕ್ಕ ತಪ್ಪಿತು ಅನ್ಸುತ್ತೆ ಸಾರ್.

ಶರಾವತಿ ಕಡೆಯವ · ಮಂಗಳವಾರ, ಬೆಳಿಗ್ಗೆ 10:40

ಇದೇನು ಮಾಯವೋ ಗೊತ್ತಿಲ್ಲ. ಪ್ಲಗ್ ಹಾಕಿ ಸುಮ್ಮನೆ ಆನ್ ಮಾಡಿದೆ, ಹಾಡು ಬಂತು! ನಾಲ್ಕರಲ್ಲೂ! ಪ್ಲಗ್ಗೇ ಸಡಿಲ ಇತ್ತೇನೋ ಅಂದ್ಕೊಂಡು ಸೆಟ್ಟನ್ನ ಒಳಗೆ ತಳ್ಳಿ, ಸಾಮಾನು ಎತ್ತಿಟ್ಟು, ಬಾಗಿಲು ಹಾಕಿದೆ. "ಟಪ್." ಮತ್ತೆ ಮೌನ.

ಸೀಸದ ಹೊಗೆ · ಮಂಗಳವಾರ, ಬೆಳಿಗ್ಗೆ 10:44

ಯಾವ ಬಾಗಿಲು?

ಶರಾವತಿ ಕಡೆಯವ · ಮಂಗಳವಾರ, ಬೆಳಿಗ್ಗೆ 11:20

ಎಡ ಹಿಂದಿನದು. ಮೀಟರು, ಪಕ್ಕಡ್ ಎಲ್ಲಾ ಹಿಂದಿನ ಸೀಟಿನ ಮೇಲೆ ಹರಡಿಕೊಂಡಿದ್ದೆ, ಬೆಳಿಗ್ಗೆಯಿಂದ ಆ ಬಾಗಿಲು ತೆಗೆದೇ ಇತ್ತು.

ಈಗ ಹತ್ತು ಸಲ ಮಾಡಿ ನೋಡಿದೆ. ಬಾಗಿಲು ತೆಗೆದಿಟ್ಟು ಆನ್ ಮಾಡಿದರೆ ಹಾಡು. ಹಾಕಿದರೆ ಮೌನ. ತಮಾಷೆ ಏನಂದ್ರೆ, ಬಾಗಿಲು ಮತ್ತೆ ತೆಗೆದ ಮಾತ್ರಕ್ಕೆ ಹಾಡು ತಿರುಗಿ ಬರಲ್ಲ, ಸೆಟ್ಟನ್ನ ಒಮ್ಮೆ ಆಫ್ ಮಾಡಿ ಆನ್ ಮಾಡಬೇಕು. ಅದಕ್ಕೇ ಇಡೀ ವಾರ ಅಷ್ಟು ಸಲ ಆ ಬಾಗಿಲು ತೆಗೆದು ಹಾಕಿದರೂ ಗೊತ್ತಾಗಲಿಲ್ಲ. ಬಾಗಿಲು ಹಾಕಿಟ್ಟು ಓಮ್ ನೋಡಿದೆ: ಹಸಿರಿನ ಮೇಲೆ ಕಪ್ಪು ಗೆರೆ ಇರುವ ವೈರಿಗೂ ಬಾಡಿಗೂ 0.6. ಮೀಟರಿನ ಸ್ವಂತದ್ದೇ 0.4. ಪೂರ್ತಿ ಶಾರ್ಟ್.

ಕ್ಯಾಸೆಟ್ ಕಾಲದವರು ಹೇಳಿದ ಹಾಗೆ ಮೈನಸ್ ಬಾಡಿಗೆ ಸೇರಿಸೋ ಕೆಲಸವನ್ನ ನನ್ನ ಬಾಗಿಲು ಆಗಲೇ ಮಾಡಿ ಮುಗಿಸಿತ್ತು.

ಸೀಸದ ಹೊಗೆ · ಮಂಗಳವಾರ, ಬೆಳಿಗ್ಗೆ 11:31

ಬಾಗಿಲಿಗೂ ಕಂಬಕ್ಕೂ ನಡುವೆ, ಕೀಲಿನ ಪಕ್ಕದಲ್ಲಿ, ಸುಕ್ಕುಸುಕ್ಕಾದ ಕಪ್ಪು ರಬ್ಬರ್ ಕೊಳವೆ ಇರುತ್ತೆ. ಅದನ್ನ ಎರಡೂ ತುದಿ ನೋಡಿ. ಎರಡು ತಿಂಗಳ ಹಿಂದೆ ಗಾಜಿನ ಕೆಲಸ ಮಾಡಿಸಿದ್ದು ಇದೇ ಬಾಗಿಲಲ್ಲವಾ.

ಶರಾವತಿ ಕಡೆಯವ · ಮಂಗಳವಾರ, ಮಧ್ಯಾಹ್ನ 1:05

ಸಿಕ್ಕಿತು.

ರಬ್ಬರಿನ ಬಾಗಿಲ ಕಡೆ ತುದಿ ಸರಿ ಕೂತಿದೆ. ಕಂಬದ ಕಡೆಯದು ತೂತಿನಿಂದ ಹೊರಗೆ ಬಂದು ಜೋತಾಡ್ತಿತ್ತು. ಕೆಲಸ ಮಾಡಿದವರು ಮತ್ತೆ ಒಳಗೆ ಒತ್ತಿಲ್ಲ, ನಾನೂ ನೋಡಿಲ್ಲ. ವೈರುಗಳು ಆ ತಗಡಿನ ತೂತಿನ ಅಂಚಿನ ಮೇಲೇ ಬಿದ್ದಿವೆ. ಬಾಗಿಲು ಹಾಕಿದಾಗಲೆಲ್ಲಾ ಕಟ್ಟು ಮಡಚಿಕೊಂಡು ಅಂಚಿಗೆ ಉಜ್ಜುತ್ತೆ. ಒಂದು ವೈರಿನ ಸಿಪ್ಪೆ ಸರಿಯಾಗಿ ಒಂದು ಅಕ್ಕಿ ಕಾಳಿನಷ್ಟು ಉದ್ದ ಸವೆದು, ಒಳಗಿನ ತಾಮ್ರ ಹೊಳೀತಾ ಇದೆ. ಎದುರಿಗೆ ತಗಡಿನ ಅಂಚಿನಲ್ಲೂ ಪೇಂಟ್ ಹೋಗಿ ಅಷ್ಟೇ ಉದ್ದದ ಬಿಳಿ ಗೆರೆ. ಎರಡು ತಿಂಗಳು ಸವೆದೂ ಸವೆದೂ ಆ ಹಂಪಿನ ಹತ್ತಿರ ಕೊನೆಯ ಪದರ ಹರಿದಿರಬೇಕು.

ಟೇಪ್ ಸುತ್ತಿ ಮುಗಿಸಲಾ?

ಸೀಸದ ಹೊಗೆ · ಮಂಗಳವಾರ, ಮಧ್ಯಾಹ್ನ 1:20

ಟೇಪ್ ಬೇಡ. ಬಿಸಿಲಿಗೆ ನಿಂತ ಕಾರಿನಲ್ಲಿ ಪಿವಿಸಿ ಟೇಪಿನ ಅಂಟು ಜಾಮೂನಿನ ಪಾಕದ ಹಾಗೆ ಇಳಿಯುತ್ತೆ, ಮುಂದಿನ ಬೇಸಿಗೆಗೆ ಮತ್ತೆ ಇಲ್ಲೇ ಬಂದು ಬರೀತೀರಿ.

ಬ್ಯಾಟರಿ ಮೈನಸ್ ಕಳಚಿ. (ಸೆಟ್ ಕೋಡ್ ಕೇಳುವಂಥದ್ದಾದರೆ ಮೊದಲೇ ಕೋಡ್ ಹುಡುಕಿ ಇಟ್ಕೊಳ್ಳಿ.) ಸವೆದ ಜಾಗದ ಆಚೆ ಈಚೆ ಕತ್ತರಿಸಿ, ನಡುವೆ ಅಷ್ಟೇ ದಪ್ಪದ, ತೆಳು ಎಳೆಗಳ ಮೆತ್ತನೆ ಹೊಸ ವೈರ್ ಹಾಕಿ. ಮುಖ್ಯ ವಿಷಯ, ಬೆಸುಗೆ ರಬ್ಬರ್ ಕೊಳವೆಯ ಒಳಗೆ ಬರಬಾರದು. ಒಂದು ಬೆಸುಗೆ ಬಾಗಿಲ ಒಳಗಡೆ, ಇನ್ನೊಂದು ಕಂಬದ ಒಳಗಡೆ ಬರೋಷ್ಟು ಉದ್ದ ಕೊಡಿ. ಸೀಸ ಎಳೆಗಳ ನಡುವೆ ಹರಿದು ವೈರು ಕಡ್ಡಿ ಆಗುತ್ತೆ, ಮಡಚುವ ಜಾಗದಲ್ಲಿ ಕಡ್ಡಿ ಇದ್ದರೆ ಮುರಿಯುತ್ತೆ. ಅದೇ ಕಟ್ಟಿನ ಉಳಿದ ವೈರುಗಳನ್ನೂ ಒಂದೊಂದಾಗಿ ಬೆರಳಲ್ಲಿ ಸವರಿ ನೋಡಿ, ಪವರ್ ವಿಂಡೋದ ವೈರ್ ಹೀಗೆ ತಗುಲಿದರೆ ಹೋಗೋದು ಹಾಡಲ್ಲ, ಫ್ಯೂಸು.

ಬೆಸುಗೆ ಮೇಲೆ ಹೀಟ್‌ಶ್ರಿಂಕ್ (ಬಿಸಿ ತಾಗಿದರೆ ಕುಗ್ಗಿ ಬಿಗಿಯಾಗುವ) ಕೊಳವೆ ಹಾಕಿ. ಬೆಸೆಯೋಕೆ ಮೊದಲು ವೈರಿಗೆ ತೂರಿಸೋದು ಮರೀಬೇಡಿ.

ಶರಾವತಿ ಕಡೆಯವ · ಮಂಗಳವಾರ, ಸಂಜೆ 5:50

ಮರೆತೆ. ಅದೂ ಎರಡು ಸಲ.

ಕೊನೆಗೂ ಆಯಿತು. ತಗಡಿನ ಅಂಚನ್ನ ಉಜ್ಜು ಕಾಗದದಲ್ಲಿ ಮೊಂಡು ಮಾಡಿ, ತುಕ್ಕು ಹಿಡೀಬಾರದು ಅಂತ ಒಂದು ತೊಟ್ಟು ಪೇಂಟ್ ಹಚ್ಚಿದೆ. ರಬ್ಬರ್ ಒಳಗೆ ಕೂರಲೇ ಇಲ್ಲ, ಆಮೇಲೆ ಪಾತ್ರೆ ತೊಳೆಯೋ ಸೋಪಿನ ನೀರು ಹಚ್ಚಿ ಚಮಚದ ಹಿಡಿಯಿಂದ ಸುತ್ತಲೂ ಒತ್ತಿದ ಮೇಲೆ "ಪುಳಕ್" ಅಂತ ಕೂತಿತು. ಬಾಗಿಲು ಹಾಕಿ ಓಮ್: ಓಪನ್. ತೆಗೆದು: ಓಪನ್. ಸೆಟ್ ಆನ್, "ದಬ್" ಬಂತು, ಹಾಡೂ ಬಂತು. 40 ಸಲ ಬಾಗಿಲು ಬಡಿದೆ, ನಿಲ್ಲಲಿಲ್ಲ.

ಆದರೆ ಏನೋ ಸರಿ ಇಲ್ಲ. ತಬಲಾ ಡಗ್ಗಾ ತೆಳ್ಳಗಾಗಿದೆ. ಹಿಂದಿನ ಸೀಟಿನ ನಡುವೆ ಕೂತರೆ ಹಾಡುವವರು ಎಲ್ಲೋ ಕಾರಿನ ಹೊರಗೆ ನಿಂತು ಹಾಡ್ತಿರೋ ಹಾಗೆ. ಬ್ಯಾಲೆನ್ಸ್ ಪೂರ್ತಿ ಎಡಕ್ಕೋ ಬಲಕ್ಕೋ ತಿರುಗಿಸಿದರೆ ವಾಸಿ, ನಡುವೆ ತಂದರೆ ಮತ್ತೆ ತೆಳ್ಳಗೆ. ಸ್ಪೀಕರ್ ಕೆಟ್ಟಿತಾ?

ಹುಬ್ಬಳ್ಳಿ ಡ್ರೈವರ್ · ಮಂಗಳವಾರ, ಸಂಜೆ 6:04

ಪ್ಲಸ್ ಮೈನಸ್ ಅದಲು ಬದಲು ಆಗ್ಯಾವ್ರಿ. ಬರೇ ಒಂದ ವೈರ್ ಕತ್ತರಿಸಿದ್ರೋ, ಎರಡೂನೋ? ಬಾಗಲದ ಒಳಗಿನ ಕಂಪನಿ ವೈರಿನ ಬಣ್ಣಾನ ಬ್ಯಾರೆ, ಸೆಟ್ಟಿನ ಬಣ್ಣಾನ ಬ್ಯಾರೆ ಇರ್ತಾವ. ಬಣ್ಣಾ ನಂಬಿ ಕೂಡಿಸಬ್ಯಾಡ್ರಿ. ಉಳಿದ ಮೂರು ಸ್ಪೀಕರ್ ಮುಂದ ತಳ್ಳೂ ಹೊತ್ತಿಗೆ ಇದೊಂದ ಹಿಂದ ಎಳಿತದ, ಅದಕ್ಕ ಡಗ್ಗಾ ಸತ್ತಂಗ ಕೇಳಸ್ತದ.

ಪ್ಲಗ್ ಕಳಚಿ, ಗೋಡೆ ಗಡಿಯಾರದ ಒಂದೂವರೆ ವೋಲ್ಟ್ ಸೆಲ್ ತಗೋರಿ. ಸೆಲ್ಲಿನ ಪ್ಲಸ್ ಹಸಿರಿಗೆ, ಮೈನಸ್ ಹಸಿರು-ಕಪ್ಪಿಗೆ, ಗಳಿಗಿ ಮಾತ್ರ ಮುಟ್ಟಸ್ರಿ, ಹಿಡಕೊಂಡ ಕುಂದರಬ್ಯಾಡ್ರಿ. ಕೋನ್ ಹೊರಗ ಬಂದ್ರ ಬರೋಬ್ಬರಿ, ಒಳಗ ಹೋದ್ರ ಉಲ್ಟಾ.

ಶರಾವತಿ ಕಡೆಯವ · ಮಂಗಳವಾರ, ರಾತ್ರಿ 7:30

ಒಳಗೆ ಹೋಯಿತು. ಪಕ್ಕದ ವೈರಿನ ಸಿಪ್ಪೆಯೂ ಗೀರಿತ್ತು ಅಂತ ಎರಡನ್ನೂ ಕತ್ತರಿಸಿದ್ದೆ, ಸೇರಿಸುವಾಗ ತಿರುವುಮುರುವು ಆಗಿದೆ. ಜಾಲಿ ಬಿಚ್ಚಿ, ಮಗನ ಕೈಗೆ ಸೆಲ್ ಕೊಟ್ಟು ನಾನು ಕೋನಿನ ಮೇಲೆ ಬೆರಳಿಟ್ಟು ಕೂತಿದ್ದೆ, "ಟಿಕ್" ಅಂದಾಗ ಬೆರಳಿಗೇ ಗೊತ್ತಾಯ್ತು. ಮತ್ತೆ ಬಿಚ್ಚಿ, ಈ ಸಲ ಹೀಟ್‌ಶ್ರಿಂಕ್ ಮೊದಲೇ ತೂರಿಸಿ, ಸರಿ ಮಾಡಿದೆ. ಡಗ್ಗಾ ವಾಪಸ್ ಬಂತು. ಖರ್ಚು: ವೈರು, ಹೀಟ್‌ಶ್ರಿಂಕ್ ಸೇರಿ 60 ರೂಪಾಯಿ.

ಕುಡ್ಲದ ಮಳೆ · ಮಂಗಳವಾರ, ರಾತ್ರಿ 9:15

ಒಳ್ಳೆ ಚರ್ಚೆ. ಮುಂದೆ ಯಾರಾದರೂ ಹುಡುಕಿಕೊಂಡು ಬಂದರೆ ಇರಲಿ ಅಂತ ನನ್ನದೂ ಒಂದು ಬರೀತೇನೆ. ನನ್ನದರಲ್ಲಿ ಎಂಟೂ ವೈರಿನಲ್ಲಿ 6 ವೋಲ್ಟ್ ಸರೀ ಇತ್ತು, ಆದರೆ ಧ್ವನಿ ಇಲ್ಲ. ಅಂದರೆ ಆಂಪ್ಲಿಫೈಯರ್ ಎಚ್ಚರ, ಅದಕ್ಕೆ ಹೇಳುವವರಿಲ್ಲ. ಮುಂದಿನ ಆಕ್ಸ್ (ಹೊರಗಿನಿಂದ ವೈರಲ್ಲಿ ಹಾಡು ಕೊಡುವ) ತೂತಿನೊಳಗೆ ಸಣ್ಣ ಸ್ವಿಚ್ ಒಂದು ಉಂಟು, ಪಿನ್ ಹಾಕಿದಾಗ ಬಿಡುತ್ತದೆ. ನಮ್ಮ ಊರಿನ ಉಪ್ಪುಗಾಳಿಗೆ ಅದು ಹಸಿರು ಹಿಡಿದು, ಪಿನ್ ಇಲ್ಲದಿದ್ದರೂ ಇದೆ ಅಂತ ಸೆಟ್ಟಿಗೆ ಸುಳ್ಳು ಹೇಳ್ತಾ ಇತ್ತು. ಐಸೊಪ್ರೊಪೈಲ್ ಆಲ್ಕೊಹಾಲ್ ಎರಡು ಹನಿ ಬಿಟ್ಟು ಪಿನ್ ಹತ್ತಿಪ್ಪತ್ತು ಸಲ ಹಾಕಿ ತೆಗೆದೆ, ಆಯ್ತು. ಇನ್ನೊಂದು, ಹೊರಗಿನ ಸೆಟ್ಟುಗಳಲ್ಲಿ ಫೋನ್ ಮ್ಯೂಟ್ ಅಂತ ಒಂದು ಬಿಡಿ ವೈರ್ ಇರ್ತದೆ, ಹೆಚ್ಚಾಗಿ ಕಂದು. ಅದು ಬಾಡಿಗೆ ತಗುಲಿದರೂ ಸೆಟ್ ಮ್ಯೂಟ್ ಆಗ್ತದೆ. ತುದಿಗೆ ಟೊಪ್ಪಿ ಹಾಕಿ ಇಡಿ.

ಎಸ್‌ಪಿ ರೋಡ್ ಅಲೆಮಾರಿ · ಮಂಗಳವಾರ, ರಾತ್ರಿ 9:40

ನಾನು ಅವಸರ ಬಿದ್ದೆ, ಒಪ್ಪಿದೆ. ಆದರೆ ಪ್ಲಗ್ ಕಳಚಿದರೂ ಎಂಟರಲ್ಲೂ ಸೊನ್ನೆ ಬರುವವರಿಗೆ ನನ್ನ ಮಾತು ಉಪಯೋಗಕ್ಕೆ ಬರಬಹುದು. ಮುಚ್ಚಳ ಬಿಚ್ಚಿ, ಟಿಡಿಎ7388 ಆದರೆ 6 ಮತ್ತು 20ನೇ ಕಾಲಿನಲ್ಲಿ ಬ್ಯಾಟರಿ ವೋಲ್ಟೇಜ್ ಇರಬೇಕು. 4ನೇ ಕಾಲು ಸ್ಟ್ಯಾಂಡ್‌ಬೈ, 22ನೇದು ಮ್ಯೂಟ್. ಸೆಟ್ ಆನ್ ಇದ್ದಾಗ ಎರಡರಲ್ಲೂ ಮೂರೂವರೆ ವೋಲ್ಟಿಗಿಂತ ಮೇಲಿರಬೇಕು. ಅಲ್ಲಿ ಸೊನ್ನೆ ಇದ್ದರೆ ಐಸಿಯದ್ದೇನೂ ತಪ್ಪಿಲ್ಲ, ಅದನ್ನ ಎಬ್ಬಿಸುವವರೇ ಇಲ್ಲ. ಎಲ್ಲಾ ಸರಿ ಇದ್ದೂ ಔಟ್‌ಪುಟ್ ಸೊನ್ನೆ ಆದರೆ ಆಗ ಐಸಿ.

ತೆಗೆಯುವಾಗ 25 ಕಾಲನ್ನೂ ಒಟ್ಟಿಗೆ ಬಿಸಿ ಮಾಡೋಕೆ ಹೋಗಿ ಬೋರ್ಡಿನ ತಾಮ್ರ ಕೀಳಬೇಡಿ. ಹಳೇ ಐಸಿ ಹೇಗಿದ್ದರೂ ಸತ್ತಿದೆ. ಕಟರ್‌ನಲ್ಲಿ ಕಾಲುಗಳನ್ನ ಮೈಯಿಂದ ಕತ್ತರಿಸಿ, ಉಳಿದ ಕಡ್ಡಿಗಳನ್ನ ಒಂದೊಂದಾಗಿ ಕಾಯಿಸಿ ಎಳೆಯಿರಿ. ಹೊಸದರ ಬೆನ್ನಿಗೆ ಹೀಟ್‌ಸಿಂಕ್ ಪೇಸ್ಟ್ ತೆಳ್ಳಗೆ ಹಚ್ಚಿ, ಸ್ಕ್ರೂ ಬಿಗಿದ ಮೇಲೆ ಬೆಸೆಯಿರಿ, ಮೊದಲೇ ಬೆಸೆದರೆ ಬಿಗಿಯುವಾಗ ಕಾಲಿನ ಮೇಲೆ ಎಳೆತ ಬೀಳುತ್ತೆ. ನಕಲಿ ಐಸಿ ತುಂಬಾ ಇವೆ. ಅಸಿಟೋನ್ ಅದ್ದಿದ ಹತ್ತಿಯಲ್ಲಿ ಒರೆಸಿದಾಗ ನಂಬರ್ ಅಳಿಸಿಹೋದರೆ ಅಂಗಡಿಯವನಿಗೇ ವಾಪಸ್ ಕೊಡಿ.

ಕ್ಯಾಸೆಟ್ ಕಾಲ · ಬುಧವಾರ, ಬೆಳಿಗ್ಗೆ 11:10

ಎರಡು ದಿನದಿಂದ ಓದುತ್ತಾ ಇದ್ದೆ, ಬರೆಯಲು ಮನಸ್ಸಾಗಲಿಲ್ಲ. ಹದಿನೈದು ದಿನದ ಹಿಂದೆ ಪಕ್ಕದ ಮನೆಯವರ ವ್ಯಾನಿಗೆ ಹೊಸ ಸೆಟ್ ಕೂರಿಸಿಕೊಟ್ಟಿದ್ದೆ. ಹಾಡೇ ಬರುತ್ತಿಲ್ಲ, ಸೆಟ್ಟೇ ಕೆಟ್ಟದ್ದು ಕೊಟ್ಟಿದ್ದಾರೆ ಎಂದು ಅಂಗಡಿಯವರ ಮೇಲೆ ಜಗಳಕ್ಕೂ ಹೋಗಿ ಬಂದಿದ್ದೆವು. ಇವತ್ತು ಬೆಳಿಗ್ಗೆ ಎದ್ದವನೇ ಮೀಟರ್ ಹಿಡಿದು ಹೋದೆ. ಮೈನಸ್ ಎಲ್ಲಾ ಒಟ್ಟಿಗೆ ಸ್ಕ್ರೂ ಹಾಕಿ ಬಾಡಿಗೆ ಬಿಗಿದದ್ದು ನನ್ನದೇ ಕೈ. ಬಿಚ್ಚಿ, ಒಂದೊಂದು ಸ್ಪೀಕರಿಗೂ ಅದರದರ ಜೋಡಿ ವೈರ್ ಬೇರೆ ಬೇರೆ ಎಳೆದೆ. ಎಂಟರಲ್ಲೂ 6.0 ಬಂತು. ಹಾಡೂ ಬಂತು.

ಈಗ ಅಂಗಡಿಯವರ ಹತ್ತಿರ ಹೋಗಿ ಬರಬೇಕು.